ಬಜೆಟ್ ಉಳಿಯಿತು, ಒಂದು ಸಾಲು ಬಗ್ಗಿತು: 1991ರ ಗೊಬ್ಬರ ಬೆಲೆ ಪ್ರಕರಣ

1991ರ ಜುಲೈ 24ರಂದು ಲೋಕಸಭೆಯಲ್ಲಿ ಮಂಡನೆಯಾದ ಬಜೆಟ್ ಬಗ್ಗೆ ಬಂದಿರುವ ಬರಹಗಳಿಗೆ ಲೆಕ್ಕವಿಲ್ಲ. ಹೆಚ್ಚಿನವು ಉದಾರೀಕರಣದ ಕಥೆ ಹೇಳುತ್ತವೆ. ನಾನು ಇಲ್ಲಿ ನೋಡುತ್ತಿರುವುದು ಆ ಬಜೆಟ್‌ನ ಒಂದೇ ಒಂದು ಸಾಲು: ರಸಗೊಬ್ಬರದ ಬೆಲೆ ಸರಾಸರಿ ಶೇ. 40 ಏರಿಕೆ. ಎರಡು ವಾರ ಕಳೆಯುವುದರೊಳಗೆ ಸರ್ಕಾರ ಈ ಸಾಲನ್ನು ಬದಲಾಯಿಸಬೇಕಾಯಿತು. ಉಳಿದ ಬಜೆಟ್ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಇದು ಹೇಗಾಯಿತು, ಯಾವ ಹಂತದಲ್ಲಿ ಯಾರು ಏನು ತೀರ್ಮಾನ ಮಾಡಿದರು ಅನ್ನುವುದು ಸಂಸತ್ತು, ಬಜೆಟ್, ನೀತಿ ಅಂತ ಆಸಕ್ತಿ ಇರುವ ಯಾರಿಗಾದರೂ ಗೊತ್ತಿರಬೇಕು ಅನ್ನೋದು ನನ್ನ ಅಭಿಪ್ರಾಯ.

ವ್ಯಕ್ತಿಗಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಬಂದ ತಕ್ಷಣ ಚರ್ಚೆ ಆ ವ್ಯಕ್ತಿ ದೊಡ್ಡವರೋ ಅಲ್ಲವೋ ಅನ್ನುವ ಕಡೆಗೆ ಜಾರಿಬಿಡುತ್ತದೆ, ತೀರ್ಮಾನಗಳು ಹಿಂದೆ ಬೀಳುತ್ತವೆ. ಹಾಗಾಗಿ ಇಲ್ಲಿ ಪ್ರಧಾನಿ, ಅರ್ಥ ಸಚಿವರು, ಆಳುವ ಪಕ್ಷ ಅಂತ ಮಾತ್ರ ಬರುತ್ತದೆ.

ಹಿನ್ನೆಲೆ

ಆ ವರ್ಷದ ಮಾರ್ಚ್‌ನಲ್ಲಿ ಹಿಂದಿನ ಸರ್ಕಾರ ಬಿದ್ದಿತ್ತು. ಪೂರ್ತಿ ಬಜೆಟ್ ಮಂಡಿಸಲು ಅದಕ್ಕೆ ಆಗಲಿಲ್ಲ, ಲೇಖಾನುದಾನ, ಅಂದರೆ ಕೆಲವು ತಿಂಗಳ ಖರ್ಚಿಗಷ್ಟೇ ಸಂಸತ್ತಿನ ಒಪ್ಪಿಗೆ, ಪಡೆದು ದಿನ ದೂಡಬೇಕಾಯಿತು. ಚುನಾವಣೆ ನಡೆದು ಹೊಸ ಸರ್ಕಾರ ಬಂದಿದ್ದು ಜೂನ್ 21ಕ್ಕೆ. ಆಳುವ ಪಕ್ಷ ಸದನದಲ್ಲಿ ಅತಿ ದೊಡ್ಡದು ನಿಜ, ಆದರೆ ಬಹುಮತ ಇರಲಿಲ್ಲ. ಜುಲೈ ಮಧ್ಯದಲ್ಲಿ ವಿಶ್ವಾಸಮತ ಗೆದ್ದಿದ್ದೂ ವಿರೋಧ ಪಕ್ಷಗಳ ಒಂದು ಭಾಗ ಮತ ಹಾಕದೆ ದೂರ ಉಳಿದಿದ್ದರಿಂದ.

ಖಜಾನೆ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ವಿದೇಶಿ ವಿನಿಮಯ ಮೀಸಲು ಸುಮಾರು 2,500 ಕೋಟಿ ರೂಪಾಯಿ, ಅಂದರೆ ಹದಿನೈದು ದಿನದ ಆಮದಿಗೆ ಸಾಲುವಷ್ಟು. ಇದನ್ನು ಅರ್ಥ ಸಚಿವರು ಬಜೆಟ್ ಭಾಷಣದಲ್ಲೇ ಮುಚ್ಚಿಡದೆ ಹೇಳಿದರು. 1990-91ರಲ್ಲಿ ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯ ಮೀರಿ ಸಾಲ ಮಾಡಿ ತುಂಬಬೇಕಾದ ಖರ್ಚು, ಜಿಡಿಪಿಯ ಶೇ. 8 ದಾಟಿತ್ತು. ಸರ್ಕಾರ ಖರ್ಚು ಮಾಡುವ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು ಇಪ್ಪತ್ತು ಬರೀ ಬಡ್ಡಿಗೆ ಹೋಗುತ್ತಿತ್ತು. ಸಗಟು ಬೆಲೆ ಶೇ. 12ರಷ್ಟು ಏರಿತ್ತು. ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಮರಳಿ ಕೊಳ್ಳುವ ಷರತ್ತಿನ ಮೇಲೆ ಹೊರಗೆ ಮಾರಲಾಗಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಅಡವಿಗೆ ಅಂತ ವಿಮಾನ ಹತ್ತಿತು. ಜುಲೈ 1 ಮತ್ತು 3ರಂದು ಎರಡು ಹಂತದಲ್ಲಿ ರೂಪಾಯಿ ಅಪಮೌಲ್ಯ ಆಯಿತು, ಅಂದರೆ ವಿದೇಶಿ ಹಣದ ಎದುರು ಅದರ ಬೆಲೆ ಇಳಿಸಿದರು.

ಒಂದು ವಿಷಯ ಗಮನಿಸಿ. ಅಪಮೌಲ್ಯಕ್ಕೂ ಚಿನ್ನದ ಅಡವಿಗೂ ಮುಂಚಿತವಾಗಿ ಸಂಸತ್ತಿನ ಒಪ್ಪಿಗೆ ಬೇಕಿರಲಿಲ್ಲ. ಮೊದಲು ಕೆಲಸ ಆಯಿತು, ಆಮೇಲೆ ಸದನದಲ್ಲಿ ವಿವರಣೆ. ಚಿನ್ನದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಗದ್ದಲ ಎದ್ದಿತು, ಸಚಿವರು ಉತ್ತರ ಕೊಟ್ಟರು, ಆದರೆ ಚಿನ್ನ ಅಷ್ಟರಲ್ಲಿ ದೇಶ ಬಿಟ್ಟಿತ್ತು. ಬಜೆಟ್ ಹಾಗಲ್ಲ. ಇಲಾಖೆಗಳ ಅನುದಾನ ಬೇಡಿಕೆಗಳಿಗೆ ಮತ ಬೇಕು, ಖಜಾನೆಯಿಂದ ಹಣ ತೆಗೆಯಲು ಧನ ವಿನಿಯೋಗ ಮಸೂದೆ ಪಾಸಾಗಬೇಕು, ತೆರಿಗೆಗಳಿಗೆ ಹಣಕಾಸು ಮಸೂದೆ ಪಾಸಾಗಬೇಕು. ಇದರಲ್ಲಿ ಒಂದು ಬಿದ್ದರೂ ಸರ್ಕಾರ ಬಿದ್ದ ಹಾಗೆ. ಅಲ್ಪಮತದ ಸರ್ಕಾರಕ್ಕೆ ಇದು ಸಣ್ಣ ಮಾತಲ್ಲ.

ಸಮಸ್ಯೆ

ಕೊರತೆಯನ್ನು ಒಂದೇ ವರ್ಷದಲ್ಲಿ ಶೇ. 6.5ಕ್ಕೆ ಇಳಿಸಬೇಕು ಅನ್ನುವುದು ಗುರಿ. ಏಪ್ರಿಲ್‌ನಲ್ಲಿ ಶುರುವಾಗುವ ಹಣಕಾಸು ವರ್ಷದಲ್ಲಿ ಆಗಲೇ ಸುಮಾರು ನಾಲ್ಕು ತಿಂಗಳು ಕಳೆದಿತ್ತು. ಬಡ್ಡಿ ಕಡಿಮೆ ಮಾಡಲು ಆಗುವುದಿಲ್ಲ. ಸಂಬಳ, ಪಿಂಚಣಿ, ರಕ್ಷಣೆ ಇವೆಲ್ಲ ತಕ್ಷಣ ಕತ್ತರಿ ಹಾಕುವ ಬಾಬತ್ತಲ್ಲ. ಉಳಿದಿದ್ದು ಸಬ್ಸಿಡಿ. ರಫ್ತು ಸಬ್ಸಿಡಿಯನ್ನು ಅಪಮೌಲ್ಯದ ಜೊತೆಗೇ ತೆಗೆದುಹಾಕಿದ್ದರು. ರಫ್ತುದಾರರಿಗೆ ರೂಪಾಯಿ ಇಳಿದಿದ್ದರಿಂದಲೇ ಲಾಭ ಸಿಕ್ಕಿತ್ತು, ಹಾಗಾಗಿ ದೊಡ್ಡ ಕೂಗು ಏಳಲಿಲ್ಲ. ಮುಂದಿನ ಸರದಿ ಗೊಬ್ಬರದ್ದು.

ಗೊಬ್ಬರದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸದನದ ವಾದವೆಲ್ಲ ಇದರ ಮೇಲೆ ನಿಂತಿತ್ತು. 1977ರಿಂದ ಒಂದು ಪದ್ಧತಿ ಇತ್ತು. ಪ್ರತಿ ಕಾರ್ಖಾನೆಗೂ ಅದರ ತಯಾರಿಕಾ ಖರ್ಚು ಮತ್ತು ಹೂಡಿದ ಬಂಡವಾಳದ ಮೇಲೆ ತೆರಿಗೆ ಕಳೆದು ಶೇ. 12 ಲಾಭ ಸೇರಿಸಿ ಒಂದು ಬೆಲೆ ಖಾತ್ರಿ ಮಾಡುತ್ತಿದ್ದರು. ರೈತ ಕೊಡುವ ಬೆಲೆ ಅದಕ್ಕಿಂತ ಕಡಿಮೆ. ನಡುವಿನ ಅಂತರವನ್ನು ಖಜಾನೆ ತುಂಬುತ್ತಿತ್ತು. ಖರ್ಚು ಏರಿದರೆ ಅಂತರ ಏರುತ್ತದೆ, ಬಳಕೆ ಏರಿದರೂ ಏರುತ್ತದೆ. 1981ರಲ್ಲಿ ಯೂರಿಯಾ ಟನ್‌ಗೆ 2,350 ರೂಪಾಯಿ. 1991ರ ಜುಲೈನಲ್ಲೂ ಅಷ್ಟೇ, ನಡುವೆ ಸ್ವಲ್ಪ ಇಳಿದು ಮತ್ತೆ ಏರಿತ್ತು ಅಷ್ಟೇ. ಇದೇ ಅವಧಿಯಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 115 ರೂಪಾಯಿಯಿಂದ 205ಕ್ಕೆ ಹೋಗಿತ್ತು. 1990-91ರಲ್ಲಿ ಗೊಬ್ಬರದ ಸಬ್ಸಿಡಿ ಸುಮಾರು 4,400 ಕೋಟಿ ರೂಪಾಯಿ.

ಇನ್ನೊಂದು ಕಡೆ, ಆಳುವ ಪಕ್ಷದ ಪ್ರಣಾಳಿಕೆಯಲ್ಲೇ ಒಂದು ಭರವಸೆ ಇತ್ತು: ಅಧಿಕಾರಕ್ಕೆ ಬಂದ 100 ದಿನದಲ್ಲಿ ಅಗತ್ಯ ವಸ್ತುಗಳ ಬೆಲೆಯನ್ನು 1990ರ ಜುಲೈ ಮಟ್ಟಕ್ಕೆ ಇಳಿಸುತ್ತೇವೆ ಅಂತ. ಇದು ಆಗದ ಕೆಲಸ ಅಂತ ಅರ್ಥ ಸಚಿವರು ಬಹಿರಂಗವಾಗಿ ಹೇಳಿದಾಗಲೇ ಪಕ್ಷದೊಳಗೆ ಮುನಿಸು ಶುರುವಾಗಿತ್ತು. ಬೆಲೆ ಇಳಿಸುತ್ತೇವೆ ಅಂತ ಮತ ಕೇಳಿ ಬಂದ ಸಂಸದರು ಒಂದು ತಿಂಗಳಲ್ಲೇ ಗೊಬ್ಬರ ಶೇ. 40 ಜಾಸ್ತಿ, ಪಡಿತರ ಸಕ್ಕರೆ ಕಿಲೋಗೆ 85 ಪೈಸೆ ಜಾಸ್ತಿ ಅಂತ ಊರಿಗೆ ಹೋಗಿ ಹೇಳಬೇಕಿತ್ತು.

ಸದನದಲ್ಲಿ ನಡೆದ ಸಮರ್ಥನೆ

ಅರ್ಥ ಸಚಿವರು ಆಗ ಲೋಕಸಭೆಯ ಸದಸ್ಯರೂ ಅಲ್ಲ, ರಾಜ್ಯಸಭೆಯ ಸದಸ್ಯರೂ ಅಲ್ಲ. ಸಂವಿಧಾನದ ಪ್ರಕಾರ ಆರು ತಿಂಗಳವರೆಗೆ ಹಾಗೆ ಮಂತ್ರಿಯಾಗಿರಬಹುದು, ಎರಡೂ ಸದನಗಳಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ತಮ್ಮದೇ ಬಜೆಟ್‌ಗೆ ಅವರು ಒಂದು ಮತವನ್ನೂ ಹಾಕಲಾರರು. ಚುನಾವಣೆ ಗೆದ್ದು ಬಂದವರ ಮುಂದೆ, ಚುನಾವಣೆಗೆ ನಿಲ್ಲದ ಒಬ್ಬರು ರೈತನ ಜೇಬಿನ ಮಾತು ಆಡಬೇಕಿತ್ತು. ಮುಂದೆ ನಡೆದಿದ್ದು ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ಅವರ ವಾದ ಮೂರು ಕಡೆಯಿಂದ ಬಂತು. ಮೊದಲನೆಯದು ಅನಿವಾರ್ಯತೆ: ದೇಶ ಸಾಲ ತೀರಿಸಲಾಗದ ಹಂತದ ಅಂಚಿನಲ್ಲಿದೆ, ಇನ್ನು ಮುಂದೂಡಲು ಆಗುವುದಿಲ್ಲ. ಎರಡನೆಯದು ನ್ಯಾಯ: ಹತ್ತು ವರ್ಷ ಗೊಬ್ಬರದ ಬೆಲೆ ಏರಿಲ್ಲ, ಬೆಳೆಯ ಬೆಲೆ ಏರಿದೆ. ಮೂರನೆಯದು ಹೊರಗಿನ ಒತ್ತಡದ ಆರೋಪಕ್ಕೆ ಉತ್ತರ. ಈ ಬಜೆಟ್ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮತ್ತು ವಿಶ್ವಬ್ಯಾಂಕ್ ಬರೆದುಕೊಟ್ಟಿದ್ದು ಅಂತ ವಿರೋಧ ಪಕ್ಷಗಳು ಪಟ್ಟು ಹಿಡಿದಿದ್ದವು. ಸಚಿವರು ಅದನ್ನು ಅಲ್ಲಗಳೆದರು, ಸುಧಾರಣೆಯ ಹಲವು ಅಂಶಗಳು ಪಕ್ಷದ ಪ್ರಣಾಳಿಕೆಯಲ್ಲೇ ಇವೆ ಅಂತ ತೋರಿಸಿದರು.

ಮೊದಲ ವಾದ ಗಟ್ಟಿಯಾಗಿತ್ತು. ಮೀಸಲು ಎಷ್ಟಿದೆ ಅನ್ನುವ ಕಹಿ ಅಂಕಿಯನ್ನು ಸರ್ಕಾರವೇ ಮುಂದಾಗಿ ಹೇಳಿದ್ದರಿಂದ, ಪರಿಸ್ಥಿತಿ ಅಷ್ಟೇನೂ ಕೆಟ್ಟಿಲ್ಲ ಅಂತ ವಾದಿಸಲು ಯಾರಿಗೂ ಜಾಗವೇ ಉಳಿಯಲಿಲ್ಲ. ಎಷ್ಟೋ ಸರ್ಕಾರಗಳು ಇಂಥ ಹೊತ್ತಲ್ಲಿ ಅಂಕಿ ಮೃದು ಮಾಡಿ ಹೇಳುತ್ತವೆ, ಆಮೇಲೆ ಕಠಿಣ ಕ್ರಮಕ್ಕೆ ಕಾರಣ ಕೊಡಲಾಗದೆ ಒದ್ದಾಡುತ್ತವೆ.

ಎರಡನೆಯ ವಾದದಲ್ಲಿ ಬಿರುಕಿತ್ತು. ಬೆಳೆಯ ಬೆಲೆ ಏರಿದೆ, ಹಾಗಾಗಿ ಗೊಬ್ಬರದ ಬೆಲೆ ಏರಿದರೂ ತಡೆದುಕೊಳ್ಳಬಹುದು ಅನ್ನುವುದು ಮಾರಲು ಬೆಳೆ ಇರುವ ರೈತನಿಗೆ ಸರಿ. ಒಂದೆಕರೆ, ಎರಡೆಕರೆ ಇಟ್ಟುಕೊಂಡು ಬೆಳೆದದ್ದರಲ್ಲಿ ಬಹುಪಾಲು ಮನೆಗೇ ಬೇಕಾದವನಿಗೆ ಬೆಂಬಲ ಬೆಲೆ ಏರಿದರೆ ಏನು, ಇಳಿದರೆ ಏನು? ಅವನು ಗೊಬ್ಬರ ಮಾತ್ರ ದುಡ್ಡು ಕೊಟ್ಟೇ ತರಬೇಕು. ಯೂರಿಯಾದ ಹೊಸ ಬೆಲೆ ಟನ್‌ಗೆ 3,300. ಐವತ್ತು ಕಿಲೋ ಚೀಲಕ್ಕೆ ಲೆಕ್ಕ ಹಾಕಿದರೆ 117 ರೂಪಾಯಿ 50 ಪೈಸೆ ಇದ್ದದ್ದು 165 ಆಯಿತು. ಜಿಡಿಪಿಯ ಶೇಕಡಾವಾರು ಲೆಕ್ಕ ಸದನದ ಒಳಗೆ ನಡೆಯುತ್ತದೆ. ಕ್ಷೇತ್ರದಲ್ಲಿ ನಡೆಯುವುದು ಚೀಲದ ಲೆಕ್ಕ.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇದೆ. ಅದೇ ಜುಲೈ 24ರಂದು, ಬಜೆಟ್‌ಗೆ ಕೆಲವೇ ಗಂಟೆ ಮೊದಲು, ಹೊಸ ಕೈಗಾರಿಕಾ ನೀತಿಯನ್ನು ಸಂಸತ್ತಿನಲ್ಲಿ ಇಟ್ಟರು. 18 ಉದ್ಯಮಗಳನ್ನು ಬಿಟ್ಟು ಉಳಿದ ಎಲ್ಲಕ್ಕೂ ಸರ್ಕಾರದಿಂದ ಪಡೆಯಬೇಕಿದ್ದ ಲೈಸೆನ್ಸ್ ರದ್ದು. 34 ಉದ್ಯಮಗಳಲ್ಲಿ ಶೇ. 51ರವರೆಗೆ ವಿದೇಶಿ ಬಂಡವಾಳಕ್ಕೆ ನೇರ ಒಪ್ಪಿಗೆ. ನಾಲ್ಕು ದಶಕದ ವ್ಯವಸ್ಥೆ ಒಂದೇ ದಿನ ತಲೆಕೆಳಗಾಯಿತು, ಆದರೆ ಗದ್ದಲ ಅದರ ಮೇಲೆ ಕೇಂದ್ರೀಕರಿಸಲಿಲ್ಲ, ಗೊಬ್ಬರದ ಮೇಲೆ ಕೇಂದ್ರೀಕರಿಸಿತು. ಲೈಸೆನ್ಸ್ ಹೋದರೆ ಯಾರಿಗೆ ನಷ್ಟ ಅಂತ ಅಂದು ಯಾರೂ ಬೆರಳು ತೋರಿಸಲಾರರು. ಗೊಬ್ಬರದ ಬೆಲೆ ಯಾರಿಗೆ ತಟ್ಟುತ್ತದೆ ಅಂತ ಪ್ರತಿಯೊಬ್ಬ ಸಂಸದನಿಗೂ ಗೊತ್ತಿತ್ತು.

ತಿರುವು ಬಂದಿದ್ದು ತಮ್ಮದೇ ಬೆಂಚಿನಿಂದ

ಸರ್ಕಾರ ವಿರೋಧ ಪಕ್ಷಗಳ ಕಡೆ ಮುಖ ಮಾಡಿ ನಿಂತಿತ್ತು. ನಿಜವಾದ ಹೊಡೆತ ಹಿಂದಿನ ಸಾಲುಗಳಿಂದ ಬಂತು. ಆಗಸ್ಟ್ ಮೊದಲ ದಿನಗಳಲ್ಲಿ ಆಳುವ ಪಕ್ಷದ ಸಂಸದೀಯ ಸಭೆಗಳು ಒಂದರ ಮೇಲೊಂದು ನಡೆದವು. ಮೊದಲ ಸಭೆಯಲ್ಲಿ ಅರ್ಥ ಸಚಿವರು ಹೆಚ್ಚುಕಮ್ಮಿ ಒಬ್ಬರೇ ನಿಂತು ಉತ್ತರ ಕೊಡಬೇಕಾಯಿತು. ಅವರ ಪರ ಮಾತಾಡಿದವರು ಬೆರಳೆಣಿಕೆಯಷ್ಟು ಜನ. ಗ್ರಾಮೀಣ ಕ್ಷೇತ್ರಗಳ ಸಂಸದರು ಗೊಬ್ಬರದ ಬೆಲೆ ಪೂರ್ತಿ ಹಿಂದಕ್ಕೆ ಪಡೆಯಿರಿ ಅಂತ ಒತ್ತಾಯಿಸಿದರು.

ಇಲ್ಲಿ ಪ್ರಧಾನಿ ಮಾಡಿದ್ದನ್ನು ಎರಡು ಥರ ಓದಬಹುದು. ಅವರು ಆರಂಭದಲ್ಲಿ ಅಡ್ಡ ಬರಲಿಲ್ಲ. ಸಂಸದರು ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಳ್ಳಲು ಬಿಟ್ಟರು, ಅರ್ಥ ಸಚಿವರನ್ನು ಆ ಸಿಟ್ಟಿನ ಎದುರು ಒಂಟಿಯಾಗಿ ಬಿಟ್ಟರು. ಕಿರಿಯ ಸಹೋದ್ಯೋಗಿಯನ್ನು ಕೈಬಿಟ್ಟರು ಅಂತ ಒಂದು ಓದು. ನನಗೆ ಇನ್ನೊಂದು ಓದೇ ಸರಿ ಅನ್ನಿಸುತ್ತದೆ: ಪ್ರಧಾನಿ ಮೊದಲ ದಿನವೇ ಬಂದು ಇದೇ ಕೊನೆ ಅಂತ ಹೇಳಿಬಿಟ್ಟಿದ್ದರೆ, ಮುಂದೆ ಒಂದಿಷ್ಟು ಬಗ್ಗಿದಾಗ ಸೋತವರು ಪ್ರಧಾನಿಯೇ ಆಗುತ್ತಿದ್ದರು. ಆಗ ಇಡೀ ಬಜೆಟ್ ಅಲುಗಾಡುತ್ತಿತ್ತು. ಅವರು ದೂರ ನಿಂತಿದ್ದರಿಂದ ಪಂಚಾಯ್ತಿ ಮಾಡುವ ಜಾಗ ಅವರಿಗೆ ಉಳಿಯಿತು. ಇದರ ಬೆಲೆಯನ್ನು ಅರ್ಥ ಸಚಿವರು ಕೊಟ್ಟರು, ಅದನ್ನೂ ಮರೆಯಬಾರದು.

ಅದೇ ಹೊತ್ತಿಗೆ ಇನ್ನೊಂದು ಪ್ರಸ್ತಾಪವನ್ನೂ ಕೈಬಿಡಬೇಕಾಯಿತು. ಪಕ್ಷದ ಅಗಲಿದ ನಾಯಕರ ಹೆಸರಿನ ಪ್ರತಿಷ್ಠಾನಕ್ಕೆ 100 ಕೋಟಿ ಕೊಡುವ ಪ್ರಸ್ತಾಪ ಬಜೆಟ್‌ನಲ್ಲಿತ್ತು. ಎಲ್ಲರೂ ಹೊಟ್ಟೆ ಕಟ್ಟಿಕೊಳ್ಳಿ ಅಂತ ಹೇಳುವ ಬಜೆಟ್‌ನಲ್ಲಿ ಇದು ಕೂರುವ ಮಾತಲ್ಲ. ವಿರೋಧ ಬಂತು, ಪ್ರತಿಷ್ಠಾನವೇ ಬೇಡ ಅಂದಿತು, ಅದು ಹೋಯಿತು. ಮೊತ್ತ ಸಣ್ಣದು. ಆದರೆ ತ್ಯಾಗದ ಮಾತಾಡುವಾಗ ಇಂಥ ಒಂದು ಸಾಲು ಉಳಿದ ನೂರು ಸಾಲುಗಳ ನಂಬಿಕೆ ಕೆಡಿಸುತ್ತದೆ.

ಬಗ್ಗಿದ್ದು ಹೇಗೆ

ಸಂಪುಟದಲ್ಲಿ ಚರ್ಚೆಯಾಗಿ, ಆಗಸ್ಟ್ 6ರಂದು ಅರ್ಥ ಸಚಿವರು ಸಂಸತ್ತಿನಲ್ಲಿ ಹೊಸ ತೀರ್ಮಾನ ಪ್ರಕಟಿಸಿದರು. ಶೇ. 40ರ ಏರಿಕೆ ಶೇ. 30 ಆಗುತ್ತದೆ. ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಏರಿಕೆಯೇ ಇಲ್ಲ.

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ತಿರುಗಿ ನೋಡುವುದು ಈ ತೀರ್ಮಾನವನ್ನು. ಸರ್ಕಾರದ ಮುಂದೆ ಸುಲಭದ ಎರಡು ದಾರಿ ಇತ್ತು. ಪೂರ್ತಿ ಹಿಂದೆ ಸರಿಯುವುದು, ಅಥವಾ ಎಲ್ಲರಿಗೂ ಒಂದೇ ಸಮ ಇಳಿಸಿ ಶೇ. 20 ಅಂತ ಏನೋ ಒಂದು ನಡುವಿನ ಸಂಖ್ಯೆ ಹೇಳುವುದು. ಎರಡನ್ನೂ ಮಾಡಲಿಲ್ಲ. 1990-91ರ ಕೃಷಿ ಗಣತಿ ನೋಡಿ. ಎರಡು ಹೆಕ್ಟೇರ್‌ವರೆಗಿನ ಹಿಡುವಳಿಗಳು ಒಟ್ಟು ಹಿಡುವಳಿಗಳಲ್ಲಿ ಸುಮಾರು ಶೇ. 78. ಅವುಗಳ ಕೈಯಲ್ಲಿದ್ದ ಜಮೀನು ಮಾತ್ರ ಒಟ್ಟು ಜಮೀನಿನ ಸುಮಾರು ಶೇ. 32. ಅಂದರೆ ತಲೆ ಎಣಿಸಿದರೆ ನಾಲ್ಕರಲ್ಲಿ ಮೂವರಿಗಿಂತ ಜಾಸ್ತಿ ರೈತರಿಗೆ ವಿನಾಯಿತಿ ಸಿಕ್ಕಿತು, ಹೊಲ ಎಣಿಸಿದರೆ ಮೂರರಲ್ಲಿ ಎರಡು ಪಾಲಿನ ಮೇಲೆ ಏರಿಕೆ ನಿಂತಿತು. ಮತ ಇರುವುದು ತಲೆಯಲ್ಲಿ, ಗೊಬ್ಬರ ಹೋಗುವುದು ಹೊಲಕ್ಕೆ. ಸಂಸದನಿಗೆ ಊರಿಗೆ ಹೋಗಿ ಹೇಳಲು ಒಂದು ಮಾತು ಸಿಕ್ಕಿತು, ಖಜಾನೆಗೆ ಕೈಬಿಟ್ಟಿದ್ದು ಅಷ್ಟು ದೊಡ್ಡದಾಗಲಿಲ್ಲ. ಎರಡನೆಯ ವಾದದಲ್ಲಿ ಬಿರುಕು ಇದ್ದದ್ದು ಸರಿಯಾಗಿ ಇದೇ ಸಣ್ಣ ರೈತನ ಜಾಗದಲ್ಲಿ, ಅದನ್ನು ಮುಚ್ಚಿದ ಮೇಲೆ ಉಳಿದ ವಾದ ನಿಂತಿತು.

ಬೆಲೆ ಏರಬಾರದು ಅನ್ನುವ ತತ್ವವನ್ನು ಸರ್ಕಾರ ಒಪ್ಪಿಕೊಳ್ಳಲಿಲ್ಲ ಅನ್ನುವುದೂ ಮುಖ್ಯ. ಹತ್ತು ವರ್ಷ ಅಲುಗಾಡದ ಬೆಲೆ ಅಲುಗಾಡಿತು. ಎಷ್ಟು ಅನ್ನುವುದರಲ್ಲಿ ಬಗ್ಗಿದರು, ಏರಬೇಕೋ ಬೇಡವೋ ಅನ್ನುವುದರಲ್ಲಿ ಬಗ್ಗಲಿಲ್ಲ.

ಆಮೇಲೆ ಏನಾಯಿತು

ಬಜೆಟ್ ಪಾಸಾಯಿತು, ಸರ್ಕಾರ ಉಳಿಯಿತು. ವಿತ್ತೀಯ ಕೊರತೆ ಆ ವರ್ಷ ಗುರಿಯ ಒಳಗೇ ಬಂತು. ಅಕ್ಟೋಬರ್‌ನಲ್ಲಿ ಐಎಂಎಫ್‌ನಿಂದ ಸುಮಾರು 2.2 ಬಿಲಿಯನ್ ಡಾಲರ್ ಸಾಲಕ್ಕೆ ಒಪ್ಪಿಗೆ ಸಿಕ್ಕಿತು. 1992ರ ಮಾರ್ಚ್ ಕೊನೆಗೆ ಚಿನ್ನ ಬಿಟ್ಟು ವಿದೇಶಿ ವಿನಿಮಯ ಮೀಸಲು 5.6 ಬಿಲಿಯನ್ ಡಾಲರ್ ಆಗಿತ್ತು. ಬೆಳವಣಿಗೆ ಆ ವರ್ಷ ಶೇ. 1ರ ಆಸುಪಾಸಿಗೆ ಕುಸಿಯಿತು, ಆ ನೋವು ಕೆಳಗಿನವರಿಗೆ ತಟ್ಟಿತು, ಅದನ್ನು ಯಶಸ್ಸಿನ ಪಟ್ಟಿಯ ಕೆಳಗೆ ಮುಚ್ಚಿಡುವುದು ಸರಿಯಲ್ಲ.

ಗೊಬ್ಬರದ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಸಣ್ಣ ರೈತನಿಗೆ ಒಂದು ಬೆಲೆ, ದೊಡ್ಡ ರೈತನಿಗೆ ಇನ್ನೊಂದು ಬೆಲೆ ಅನ್ನುವುದು ಸದನದಲ್ಲಿ ಹೇಳಲು ಚೆನ್ನಾಗಿತ್ತು. ಗೊಬ್ಬರದ ಅಂಗಡಿಯಲ್ಲಿ ನಡೆಸುವುದು ಬೇರೆ ಮಾತು. ಯಾರು ಸಣ್ಣ ರೈತ ಅಂತ ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು? ಪಹಣಿಯಲ್ಲಿ ಹೆಸರೇ ಇಲ್ಲದ ಗೇಣಿದಾರ ಏನು ತೋರಿಸಬೇಕು? ಕಡಿಮೆ ಬೆಲೆಗೆ ಕೊಂಡ ಚೀಲ ಪಕ್ಕದ ದೊಡ್ಡ ಹೊಲಕ್ಕೆ ಹೋಗದಂತೆ ಯಾರು ಕಾಯಬೇಕು? ಆ ಎರಡು ಬೆಲೆಯ ವ್ಯವಸ್ಥೆ ಹೆಚ್ಚು ದಿನ ಬಾಳಲಿಲ್ಲ. ಸಬ್ಸಿಡಿ ಮೊತ್ತವೂ ಇಳಿಯಲಿಲ್ಲ, 1991-92ರಲ್ಲಿ 5,000 ಕೋಟಿ ದಾಟಿತು. ರೂಪಾಯಿ ಅಪಮೌಲ್ಯ ಆಗಿದ್ದರಿಂದ ಆಮದು ಗೊಬ್ಬರ ದುಬಾರಿಯಾಗಿತ್ತು, ಒಂದು ಕೈಯಲ್ಲಿ ಉಳಿಸಿದ್ದು ಇನ್ನೊಂದು ಕೈಯಲ್ಲಿ ಹೋಯಿತು.

ಗೊಬ್ಬರದ ಬೆಲೆಯ ವಿಷಯವನ್ನು ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಿದರು. ಅದರ ವರದಿಯ ಬೆನ್ನಲ್ಲೇ 1992ರ ಆಗಸ್ಟ್‌ನಲ್ಲಿ ಡಿಎಪಿ (ಮುಖ್ಯವಾಗಿ ರಂಜಕ ಕೊಡುವ ಗೊಬ್ಬರ), ಪೊಟ್ಯಾಷ್‌ನಂಥ ಗೊಬ್ಬರಗಳ ಮೇಲಿನ ಬೆಲೆ ನಿಯಂತ್ರಣ ತೆಗೆದರು. ಯೂರಿಯಾವನ್ನು ನಿಯಂತ್ರಣದಲ್ಲೇ ಇಟ್ಟರು, ಮೇಲಾಗಿ ಅದರ ಬೆಲೆ ಶೇ. 10 ಇಳಿಸಿದರು. ಟನ್‌ಗೆ 3,060 ಇದ್ದದ್ದು 2,760 ಆಯಿತು. ಒಂದು ಕಡೆ ಡಿಎಪಿ, ಪೊಟ್ಯಾಷ್ ಬೆಲೆ ಜಿಗಿದವು, ಇನ್ನೊಂದು ಕಡೆ ಯೂರಿಯಾ ಅಗ್ಗವಾಯಿತು. ರೈತ ಯಾವುದು ಜಾಸ್ತಿ ಹಾಕುತ್ತಾನೆ ಅಂತ ಬೇರೆ ಹೇಳಬೇಕಿಲ್ಲ. ಸಾರಜನಕ (ಯೂರಿಯಾದಲ್ಲಿರುವುದು), ರಂಜಕ, ಪೊಟ್ಯಾಷ್ ಬಳಕೆಯ ಅನುಪಾತ 1991-92ರಲ್ಲಿ 5.9:2.4:1 ಇದ್ದದ್ದು ಒಂದೇ ವರ್ಷದಲ್ಲಿ 9.5:3.2:1 ಆಯಿತು. ಅದೇ ವರ್ಷ ಡಿಎಪಿ, ಪೊಟ್ಯಾಷ್‌ಗೆ ಸರ್ಕಾರ ಮತ್ತೆ ತಾತ್ಕಾಲಿಕ ರಿಯಾಯಿತಿ ಕೊಡಬೇಕಾಗಿ ಬಂತು.

ಇದರಲ್ಲಿ ನಾವು ಕಲಿಯುವುದೇನು

ಸಮರ್ಥನೆ ಸಿದ್ಧಮಾಡುವವರು ಸಾಮಾನ್ಯವಾಗಿ ವಿರೋಧ ಪಕ್ಷ ಏನು ಕೇಳಬಹುದು ಅಂತ ಪಟ್ಟಿ ಮಾಡುತ್ತಾರೆ. ಈ ಪ್ರಕರಣ ನೋಡಿದರೆ ಮೊದಲು ಮಾಡಬೇಕಾದದ್ದು ಬೇರೆ ಪಟ್ಟಿ: ನಮ್ಮದೇ ಹಿಂದಿನ ಬೆಂಚಿನ ಸಂಸದ ಶನಿವಾರ ಕ್ಷೇತ್ರಕ್ಕೆ ಹೋದಾಗ ಅವನನ್ನು ಏನು ಕೇಳುತ್ತಾರೆ, ಅವನ ಕೈಗೆ ನಾವು ಯಾವ ಉತ್ತರ ಕೊಟ್ಟಿದ್ದೇವೆ? ಆಗಸ್ಟ್ 6ರಂದು ಕೊಟ್ಟ ಸಣ್ಣ ರೈತರ ವಿನಾಯಿತಿಯನ್ನೇ ಜುಲೈ 24ರಂದು ಕೊಟ್ಟಿದ್ದರೆ ಅದು ಸರ್ಕಾರದ ಕಾಳಜಿ ಆಗುತ್ತಿತ್ತು. ಎರಡು ವಾರ ತಡವಾಗಿ ಕೊಟ್ಟಿದ್ದಕ್ಕೆ ಅದು ಹಿಂದೆ ಸರಿದದ್ದು ಅನ್ನಿಸಿಕೊಂಡಿತು. ಇದಕ್ಕೆ ಎದುರಾಗಿ ಒಂದು ವಾದವೂ ಇದೆ. ಮೊದಲೇ ಕೊಟ್ಟಿದ್ದರೆ ಸಂಸದರು ಗೆದ್ದು ತರಲು ಏನೂ ಉಳಿಯುತ್ತಿರಲಿಲ್ಲ, ಆಗ ಅವರು ಬೇರೆ ಸಾಲಿನ ಮೇಲೆ ಕೈ ಇಡುತ್ತಿದ್ದರು ಅಂತ. ಅಲ್ಪಮತದ ಸರ್ಕಾರಕ್ಕೆ ಇದು ತಳ್ಳಿಹಾಕುವ ಮಾತಲ್ಲ. ಆದರೂ ಬಡ ರೈತನನ್ನು ಚೌಕಾಸಿಯ ಸರಕಾಗಿ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಲ್ಲ. ಆ ಎರಡು ವಾರ ಗೊಬ್ಬರ ಕೊಳ್ಳಬೇಕಾಗಿದ್ದದ್ದು ಮುಂಗಾರಿನ ನಡುವೆ.

ಬಗ್ಗುವ ಜಾಗ ಯಾವುದು, ಬಗ್ಗದ ಜಾಗ ಯಾವುದು ಅಂತ ಒಳಗೆ ಮೊದಲೇ ಗೊತ್ತಿರಬೇಕು ಅನ್ನುವುದು ಇನ್ನೊಂದು. ಕೊರತೆಯ ಗುರಿ, ಅಪಮೌಲ್ಯ, ಲೈಸೆನ್ಸ್ ರದ್ದತಿ, ಇವು ಯಾವುವೂ ಚೌಕಾಸಿಗೆ ಬರಲಿಲ್ಲ. ಗೊಬ್ಬರ ಬಂತು. ಹಾಗೆ ನೋಡಿದರೆ ಸದನದ ಸಿಟ್ಟನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಗೊಬ್ಬರದ ಸಾಲು ಉಳಿದ ಸುಧಾರಣೆಗಳನ್ನು ಕಾಪಾಡಿತು ಅಂತಲೂ ಹೇಳಬಹುದು.

ನನಗೆ ಸಮಾಧಾನ ಇಲ್ಲದ್ದು ಒಂದೇ ಕಡೆ. ಬಿಕ್ಕಟ್ಟಿನ ಬಿಸಿಯಲ್ಲಿ ಮಾಡಿದ ವಿನಾಯಿತಿಗೆ ಯಾರೂ ಕೊನೆಯ ದಿನಾಂಕ ಬರೆಯಲಿಲ್ಲ, ಮುಂದೆ ಯಾವ ದಾರಿಯಲ್ಲಿ ಬೆಲೆ ಏರಬೇಕು ಅಂತ ಸದನದ ಒಪ್ಪಿಗೆ ಪಡೆಯಲಿಲ್ಲ. ಯೂರಿಯಾ ಮುಟ್ಟಿದರೆ ಕೈ ಸುಡುತ್ತದೆ ಅನ್ನುವ ಪಾಠವನ್ನು ಮಾತ್ರ ಆಮೇಲೆ ಬಂದ ಎಲ್ಲ ಸರ್ಕಾರಗಳೂ, ಎಲ್ಲ ಪಕ್ಷಗಳೂ ಚೆನ್ನಾಗಿ ಕಲಿತವು. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ, ಅಂದರೆ ಗೊಬ್ಬರದಲ್ಲಿರುವ ಪೋಷಕಾಂಶದ ಪ್ರಮಾಣ ನೋಡಿ ಕೊಡುವ ಸಬ್ಸಿಡಿ, ತಂದಾಗಲೂ ಯೂರಿಯಾವನ್ನು ಹೊರಗಿಟ್ಟರು. 45 ಕಿಲೋ ಚೀಲದ ಬೆಲೆ ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು 242 ರೂಪಾಯಿಯಲ್ಲೇ ವರ್ಷಗಟ್ಟಲೆ ನಿಂತಿದೆ, ತಯಾರಿಕೆಯ ಖರ್ಚು ಅದರ ಎಷ್ಟೋ ಪಟ್ಟು.